ಕೀಲಿ ನಮ್ಮದು, ಚಾವಿ ಎಲ್ಲಿ?

ನಮ್ಮ ಮನೆಯ ಪಡಸಾಲೆ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದಕ್ಕೆ ಏಳು ಚಾವಿ ತೂಗುಬಿದ್ದಿವೆ. ಅದರಲ್ಲಿ ಮೂರು ನಮ್ಮವಲ್ಲ. ಒಂದು ಎದುರು ಮನೆಯವರದು, ಒಂದು ಮೇಲೆ ಬಾಡಿಗೆಗಿರುವ ಮಾಸ್ತರರ ಬೈಕಿನದು. ಇನ್ನೊಂದು ಯಾರದೋ, ಈಗ ಯಾರಿಗೂ ನೆನಪಿಲ್ಲ. ಬಿಸಾಕುವ ಧೈರ್ಯವೂ ಯಾರಿಗೂ ಇಲ್ಲ. ಮೊನ್ನೆ ಹುಣ್ಣಿಮೆಗೆ ಎದುರು ಮನೆ ಅಕ್ಕಾರು ಹುಲಿಗೆಮ್ಮನ ಗುಡಿಗೆ ಹೊರಟು ನಿಂತು, "ಅಣ್ಣಾರ, ಚಾವಿ ಇಟಗೋರಿ. ನಳಾ ಬಂದ್ರ ಸಂಪಿಗೆ ಒಂದೀಟು ನೀರು ಬಿಡ್ರಿ" ಅಂತ ಕೊಟ್ಟು ಹೋದರು. ತಿಜೂರಿ, ಟಿವಿ, ಪಾತ್ರೆ ಪಗಡಿ ಸಮೇತ ಇಡೀ ಮನೆ ನಮ್ಮ ಕೈಗೆ ಬಂತು. ಅದೇ ಹೊತ್ತಿಗೆ ಒಳಗೆ ಮಗಳು ಹೊಸ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಪಾಸ್‌ವರ್ಡ್ ಹಾಕುವಾಗ ನಾನು ಸುಮ್ನೆ ಹಿಂದೆ ಹೋಗಿ ನಿಂತೆ. "ಅಪ್ಪಾ, ಆ ಕಡೆ ಹೋಗು. ಇದನ್ನ ಯಾರಿಗೂ ತೋರಿಸಬಾರದಂತ" ಅಂದಳು.

ಇಬ್ಬರು ಹೇಳಿದ್ದೂ ಸರಿಯೇ. ಆದರೆ ಆವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಚಾವಿ ಅಂದರೆ ಕಳೆಯುವ ವಸ್ತು ಅಂತ ನಮಗೆ ಚೆನ್ನಾಗಿ ಗೊತ್ತು. ಅದಕ್ಕೇ ಒಂದು ಮೊಳೆಗೆ, ಒಂದು ಪಕ್ಕದ ಮನೆಗೆ, ಒಂದು ಅವ್ವನ ಸೆರಗಿನ ಗಂಟಿಗೆ. ಕಂಪ್ಯೂಟರ್ ಬಂದಾಗ ಕೀಲಿ ಹಾಕುವುದನ್ನಷ್ಟೇ ಕಲಿತೆವು. ಚಾವಿಯನ್ನು ಇನ್ನೊಬ್ಬರ ಹತ್ತಿರ ಇಡುವ ಪದ್ಧತಿಯನ್ನು ಹೊಸ್ತಿಲ ಆಚೆಗೇ ಬಿಟ್ಟೆವು. (ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ, ತೆಗೆಯುವುದಕ್ಕೆ ಚಾವಿ ಇಲ್ಲವೇ ಕೀಲಿಕೈ. ದಕ್ಷಿಣದವರು ಓದುತ್ತಿದ್ದರೆ ಗೊಂದಲ ಮಾಡಿಕೊಳ್ಳಬೇಡಿ.)

ಈಗೀಗ ನಮ್ಮ ಓಣಿಯಲ್ಲಿ ಒಂದು ಹೊಸ ಕಷ್ಟ ಶುರುವಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತಲ್ಲ, ಬಹಳ ಜನ ಹೊಸ ಲ್ಯಾಪ್‌ಟಾಪ್ ಕೊಂಡರು. ಹೊಸದರಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಒಳಗೆ ಹೋದರೆ ಡಿಸ್ಕ್‌ಗೆ ತಾನಾಗಿಯೇ ಕೀಲಿ ಬೀಳುತ್ತದೆ. ಅದರ ಚಾವಿ ಅದೇ ಅಕೌಂಟ್‌ಗೆ ಹೋಗಿ ಕೂರುತ್ತದೆ. ಒಳ್ಳೆಯದೇ. ಆದರೆ ನಮ್ಮೂರಲ್ಲಿ ಲ್ಯಾಪ್‌ಟಾಪ್ ಸೆಟಪ್ ಮಾಡುವವನು ಕೊಂಡವನಲ್ಲ, ಅಂಗಡಿ ಹುಡುಗ. ಅವನು ಅವಸರದಲ್ಲಿ ತನ್ನದೇ ಮೇಲ್ ಐಡಿ ಹಾಕಿರುತ್ತಾನೆ, ಇಲ್ಲವೇ ಅಲ್ಲೇ ಒಂದು ಹೊಸದು ಮಾಡಿ ಅದನ್ನು ಅಲ್ಲೇ ಮರೆತಿರುತ್ತಾನೆ. ಹಿಂದಿನ ಓಣಿಯ ಹುಡುಗನೊಬ್ಬನ ಲ್ಯಾಪ್‌ಟಾಪ್ ಒಂದು ಮುಂಜಾನೆ ನೀಲಿ ಪರದೆ ತೋರಿಸಿ 48 ಅಂಕಿಯ ರಿಕವರಿ ಕೀ, ಅಂದರೆ ಆ ಚಾವಿ, ಕೇಳಿತು. ಆ ಕೀ ಇದ್ದದ್ದು ಅಂಗಡಿ ಹುಡುಗನ ಅಕೌಂಟಿನಲ್ಲಿ. ಅವನು ಕೆಲಸ ಬಿಟ್ಟು ಬೆಂಗಳೂರು ಸೇರಿದ್ದ, ಫೋನ್ ನಂಬರೂ ಬದಲಾಗಿತ್ತು. ಕೊನೆಗೆ ಫಾರ್ಮ್ಯಾಟ್. ಅಕ್ಕನ ಮದುವೆಯ ಫೋಟೋ ಎಲ್ಲ ಹೋದವು. "ನಾ ಕೀಲಿನ ಹಾಕಿಲ್ರಿ ಸರ್" ಅಂತ ಒಂದೇ ಸಮನೆ ಹೇಳುತ್ತಿದ್ದ ಪಾಪ. ಅವನು ಹಾಕಿರಲಿಲ್ಲ, ನಿಜ.

ನಾನು ಮಾತ್ರ ನನ್ನ ಕೈಯಾರೆ ಹಾಕಿದ್ದೆ.

ಹಸಿರು ಹೆಸರುಗಳು

2008ರ ಮಾತು. ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಒಂದು ಕಂಪ್ಯೂಟರ್, ಪೇಜ್‌ಮೇಕರ್, ಕನ್ನಡ ಟೈಪಿಂಗ್‌ಗೆ ನುಡಿ ತಂತ್ರಾಂಶ, ಒಂದು ಲೇಸರ್ ಪ್ರಿಂಟರ್. ಲಗ್ನಪತ್ರಿಕೆ, ಜವಳದ ಕಾರ್ಡು, ಬಾಂಡ್ ಪೇಪರ್ ಟೈಪಿಂಗು. ಪರೀಕ್ಷೆ ಹತ್ತಿರ ಬಂದರೆ ಶಾಲೆಗಳ ಪ್ರಶ್ನೆಪತ್ರಿಕೆ. ಈ ಪ್ರಶ್ನೆಪತ್ರಿಕೆಯಿಂದಲೇ ಎಲ್ಲ ಶುರುವಾಗಿದ್ದು. ಅಂಗಡಿಗೆ ಬಂದು ಕೂರುವ ಹುಡುಗರಲ್ಲಿ ಇಬ್ಬರು ಅದೇ ಶಾಲೆಯವರು. ನಾನು ಚಹಾಕ್ಕೆ ಹೋದರೆ ಸಾಕು, ಮೌಸ್ ಅವರ ಕೈಯಲ್ಲಿ. ಅದಕ್ಕೊಂದು ದಾರಿ ಹುಡುಕುತ್ತಿದ್ದಾಗ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನಲ್ಲಿ ಒಂದು ಚೌಕ ಕಣ್ಣಿಗೆ ಬಿತ್ತು. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್, ಅಲ್ಲಿ ಕೆಳಗೆ 'ಎನ್‌ಕ್ರಿಪ್ಟ್'. ಅಂದರೆ ಕೀಲಿ ಹಾಕು ಅಂತ. ಟಿಕ್ ಮಾಡಿದೆ. ಫೈಲುಗಳ ಹೆಸರೆಲ್ಲ ಹಸಿರಾದವು. ಹುಡುಗರಿಗೆ ಬೇರೆ ಯೂಸರ್ ಮಾಡಿಕೊಟ್ಟೆ. ಅವರ ಕಡೆಯಿಂದ ಫೈಲ್ ಕಾಣುತ್ತಿತ್ತು, ತೆರೆಯುತ್ತಿರಲಿಲ್ಲ. ನನಗೋ ಏನೋ ದೊಡ್ಡ ವಿದ್ಯೆ ಸಿಕ್ಕ ಹಾಗೆ. ಅದೇ ಹುರುಪಿನಲ್ಲಿ ಡಿ ಡ್ರೈವ್‌ನಲ್ಲಿದ್ದ ನನ್ನ ಸ್ವಂತ ಫೋಲ್ಡರ್‌ಗೂ ಟಿಕ್ ಹಾಕಿದೆ.

ಆ ಫೋಲ್ಡರ್‌ನಲ್ಲಿ ದೊಡ್ಡಪ್ಪನ ದೊಡ್ಡಾಟ, ಅಂದರೆ ನಮ್ಮ ಕಡೆಯ ಬಯಲಾಟ, ಇತ್ತು. ದೊಡ್ಡಪ್ಪ ಯಲಬುರ್ಗಾ ಕಡೆಯ ನಮ್ಮೂರಲ್ಲಿ ಆಟದ ಮಾಸ್ತರ. ಅವರಿವರ ಹತ್ತಿರ ಕೇಳಿ ಬರೆದಿಟ್ಟ ಪ್ರಸಂಗಗಳ ಹನ್ನೊಂದು ನೋಟ್‌ಬುಕ್ ಅವರ ಹತ್ತಿರ ಇದ್ದವು. ಒಂದೂವರೆ ವರ್ಷ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಏಳು ನೋಟ್‌ಬುಕ್ ಟೈಪ್ ಮಾಡಿದ್ದೆ. ಪದ, ಮಾತು, ತಾಳದ ಗುರುತು ಎಲ್ಲ. ಟೈಪ್ ಆದ ನೋಟ್‌ಬುಕ್ ಊರಿಗೆ ವಾಪಸ್.

ಆಮೇಲೆ ಪೆನ್ ಡ್ರೈವ್ ಹಿಡಿದುಕೊಂಡು ವೈರಸ್ ಬಂತು. ಕಂಪ್ಯೂಟರ್ ಜೋಡಿಸಿ ಕೊಟ್ಟವನು ಬಂದು ನೋಡಿ, "ಸಿ ಫಾರ್ಮ್ಯಾಟ್ ಹೊಡಿಯೂಣ್ರಿ, ಡಿ ಗೆ ಏನೂ ಆಗಂಗಿಲ್ಲ" ಅಂದ. ಆಗ ಊರಿಗೆಲ್ಲ ಗೊತ್ತಿದ್ದ ಸತ್ಯ ಅದು. ಬೇಕಾದ್ದನ್ನು ಡಿ ಯಲ್ಲಿಡು, ನಿಶ್ಚಿಂತೆಯಿಂದ ಇರು. ಅವನು ಸುಳ್ಳು ಹೇಳಲಿಲ್ಲ. ಡಿ ಗೆ ಏನೂ ಆಗಲಿಲ್ಲ. ಫೈಲುಗಳು ಎಲ್ಲಿದ್ದವೋ ಅಲ್ಲೇ ಇದ್ದವು, ಹಸಿರಾಗಿಯೇ ಇದ್ದವು. ಡಬಲ್ ಕ್ಲಿಕ್ ಮಾಡಿದರೆ 'ಆಕ್ಸೆಸ್ ಈಸ್ ಡಿನೈಡ್'. ಅದೇ ಹೆಸರಿನ ಯೂಸರ್ ಮಾಡಿದೆ, ಅದೇ ಪಾಸ್‌ವರ್ಡ್ ಕೊಟ್ಟೆ. ಡಿನೈಡ್. ಅಡ್ಮಿನಿಸ್ಟ್ರೇಟರ್ ಆಗಿ ಹೋಗಿ ಫೈಲಿನ ಮಾಲೀಕತ್ವ ತೆಗೆದುಕೊಂಡೆ. ಆಗಲೂ ಡಿನೈಡ್.

ಕಾರಣ ಗೊತ್ತಾಗಿದ್ದು ಎಷ್ಟೋ ದಿನದ ಮೇಲೆ. ವಿಂಡೋಸ್ 2000ದಿಂದ ಬಂದ ಇ‌ಎಫ್‌ಎಸ್ ಅನ್ನುವ ಈ ವ್ಯವಸ್ಥೆಯಲ್ಲಿ ಒಂದೊಂದು ಫೈಲಿಗೂ ಒಂದೊಂದು ಚಾವಿ. ಆ ಚಾವಿಗಳನ್ನೆಲ್ಲ ಮತ್ತೆ ನನ್ನ ಹೆಸರಿನ ಒಂದು ದೊಡ್ಡ ಚಾವಿಯಿಂದ ಮುಚ್ಚಿಟ್ಟಿರುತ್ತಾರೆ. ಆ ದೊಡ್ಡ ಚಾವಿ ಇರುವುದು ಸಿ ಡ್ರೈವ್‌ನಲ್ಲಿ, ನನ್ನ ಯೂಸರ್ ಪ್ರೊಫೈಲ್‌ನ ಒಳಗೆ. ಸಿ ಫಾರ್ಮ್ಯಾಟ್ ಆದಾಗ ಹೋದದ್ದು ವೈರಸ್ ಜೊತೆ ಅದೂ. ಹೊಸ ವಿಂಡೋಸ್‌ಗೆ ಅದೇ ಹೆಸರು ಹೇಳಿದರೂ ನಾನು ಬೇರೆಯವನೇ. ಮನೆ ಡಿ ಯಲ್ಲಿ, ಚಾವಿ ಸಿ ಯಲ್ಲಿ. ನನಗೆ ಚಾವಿ ಅನ್ನುವುದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಟಿಕ್ ಹಾಕಿದ ದಿನವೇ ಆ ಚಾವಿಯನ್ನು ಎಕ್ಸ್‌ಪೋರ್ಟ್ ಮಾಡಿ, ಪಿಎಫ್ಎಕ್ಸ್ ಅನ್ನುವ ಒಂದು ಪುಟ್ಟ ಫೈಲಾಗಿ ಸಿಡಿಗೆ ಹಾಕಿಟ್ಟಿದ್ದರೆ ಮುಗಿಯುತ್ತಿತ್ತು. ಐದು ನಿಮಿಷದ ಕೆಲಸ. ಮುಂದೆ ವಿಸ್ಟಾ, ವಿಂಡೋಸ್ 7 ಬಂದಾಗ, ಹೀಗೆ ಟಿಕ್ ಹಾಕಿದ ಕೂಡಲೇ ಮೂಲೆಯಲ್ಲಿ ಒಂದು ಗುಳ್ಳೆ ಎದ್ದು 'ನಿಮ್ಮ ಕೀ ಬ್ಯಾಕಪ್ ಮಾಡಿಕೊಳ್ಳಿ' ಅಂತ ಹೇಳತೊಡಗಿತು. ಎಷ್ಟು ಜನ ಅದನ್ನು ಓದಿದರೋ, ಎಷ್ಟು ಜನ ಗುಣಿಸು ಗುರುತು ಒತ್ತಿ ಮುಚ್ಚಿದರೋ. ಎರಡನೆಯವರೇ ಜಾಸ್ತಿ ಅಂತ ನನ್ನ ಗುಮಾನಿ.

ಒಂದು ವಿಚಿತ್ರ ಹೇಳಬೇಕು. ಏಳರಲ್ಲಿ ಎರಡು ಪ್ರಸಂಗ ಉಳಿದವು. ಅವನ್ನು ಪ್ರಿಂಟ್ ಹಾಕಿಸಲು ಬಳ್ಳಾರಿಗೆ ಪೆನ್ ಡ್ರೈವ್‌ನಲ್ಲಿ ಒಯ್ದಿದ್ದೆ. ಆ ಪೆನ್ ಡ್ರೈವ್ ಫೈಲ್ ಇಡುವ ಪದ್ಧತಿ ಎಫ್‌ಎಟಿ32. ಅದಕ್ಕೆ ಈ ಕೀಲಿಯ ಭಾಷೆಯೇ ಬರುವುದಿಲ್ಲ. ಅಲ್ಲಿಗೆ ಕಾಪಿ ಮಾಡಿದ ಕೂಡಲೇ ಕೀಲಿ ಬಿಚ್ಚಿಕೊಂಡು ಸಾದಾ ಫೈಲ್ ಆಗಿಬಿಟ್ಟಿದ್ದವು. ಜೇಬಿನಲ್ಲಿ ನಾಣ್ಯದ ಜೊತೆ ಬಿದ್ದಿದ್ದ, ಯಾರು ಬೇಕಾದರೂ ತೆಗೆಯಬಹುದಾಗಿದ್ದ ಆ ಪೆನ್ ಡ್ರೈವ್‌ನಲ್ಲಿದ್ದದ್ದು ಉಳಿಯಿತು.

ದೊಡ್ಡಪ್ಪ ಸಂತೆಗೆ ಬಂದವರು ಅಂಗಡಿಗೆ ಬಂದರು. ನಾನು ಫೋಲ್ಡರ್ ತೆರೆದು ತೋರಿಸಿದೆ. ಈ ಕೀಲಿ ಫೈಲಿನ ಒಳಗನ್ನು ಮುಚ್ಚುತ್ತದೆಯೇ ಹೊರತು ಹೆಸರನ್ನು ಮುಚ್ಚುವುದಿಲ್ಲ. ಕರ್ಣ-1, ಕರ್ಣ-2, ಕರ್ಣ-3 ಅಂತ ಹಸಿರು ಸಾಲು. ಅವರು ಚಷ್ಮಾ ಏರಿಸಿಕೊಂಡು ಒಂದೊಂದಾಗಿ ಓದಿದರು. "ಹೆಸರು ಕಾಣತಾವಲ್ಲೋ ತಮ್ಮಾ. ಒಳಗ ಹೋಗಾಕ ಯಾಕ ಬರಂಗಿಲ್ಲ?" ನಾನು ಹೇಳಲು ಹೋದೆ, ಚಾವಿ, ಪ್ರೊಫೈಲು, ಫಾರ್ಮ್ಯಾಟು. ಸ್ವಲ್ಪ ಹೊತ್ತು ಕೇಳಿ, "ಅಂದ್ರ ಪೆಟ್ಟಿಗಿ ಚಾವಿ ಪೆಟ್ಟಿಗ್ಯಾಗ ಇಟ್ಟಿದ್ದಿ" ಅಂದರು. ಸಿಟ್ಟಾಗಲಿಲ್ಲ. ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಕರ್ಣನ ಒಂದು ಪದ ಶುರು ಮಾಡಿದರು, ಎರಡು ಸಾಲು ಹಾಡಿ ಮೂರನೆಯದಕ್ಕೆ ತಡೆದರು. ನನ್ನ ಮುಖ ನೋಡಿದರು. ಟೈಪ್ ಮಾಡಿದವನು ನಾನಲ್ಲವಾ. ನನಗೂ ನೆನಪಾಗಲಿಲ್ಲ. ನುಡಿಯಲ್ಲಿ ಯಾವ ಬೆರಳು ಎಲ್ಲಿ ಹೋಗಿತ್ತು ಅನ್ನುವುದಷ್ಟೇ ನೆನಪಿತ್ತು.

ಮತ್ತೆ ಟೈಪ್ ಮಾಡೋಣ ಅಂದುಕೊಂಡೆವು. ಎರಡು ನೋಟ್‌ಬುಕ್ ಮಾಡಿದೆ. ಅಷ್ಟರಲ್ಲಿ ಊರ ಮನೆಯ ಮಾಡದಲ್ಲಿದ್ದ ಉಳಿದವಕ್ಕೆ ಗೆದ್ದಲು ಹತ್ತಿತು. ದೊಡ್ಡಪ್ಪನೂ ಹೋದರು. ಆ ಹಾರ್ಡ್ ಡಿಸ್ಕ್ ಇನ್ನೂ ನನ್ನ ಹತ್ತಿರ ಇದೆ.

11ರಿಂದ ಭಾಗ ಹೋಗಬೇಕು

ಅಷ್ಟಾದ ಮೇಲೆ ಬುದ್ಧಿ ಬಂತಾ? ಅರ್ಧ ಬಂತು. ಈಗಿನ ಲ್ಯಾಪ್‌ಟಾಪ್‌ನಲ್ಲಿ ಬಿಟ್‌ಲಾಕರ್ ಇದೆ, ಇಡೀ ಡಿಸ್ಕ್‌ಗೇ ಕೀಲಿ. ಬೇಡ ಅನ್ನಲು ಮನಸ್ಸು ಬರಲಿಲ್ಲ. ಅದರಲ್ಲಿ ನನ್ನದಷ್ಟೇ ಅಲ್ಲ, ನಾಲ್ಕು ಮನೆಯವರ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್ ಬಿದ್ದಿವೆ. ಬಸ್ಸಿನಲ್ಲಿ ಬ್ಯಾಗ್ ಮರೆತರೆ ಅವರಿಗೆ ಏನು ಉತ್ತರ ಹೇಳಲಿ? ಅಕೌಂಟ್ ಬೇಡ ಅಂತ ಲೋಕಲ್ ಯೂಸರ್‌ನಲ್ಲೇ ಆನ್ ಮಾಡಿದೆ. ಕೀ ಉಳಿಸಿಕೊಳ್ಳಿ ಅಂತ ಕೇಳಿತು. ಕೀಲಿ ಬೀಳುವ ಡ್ರೈವ್‌ನಲ್ಲೇ ಆ ಫೈಲ್ ಇಡಲು ಹೋದರೆ ಬಿಟ್‌ಲಾಕರ್ ಒಪ್ಪುವುದಿಲ್ಲ, ಬೇರೆ ಜಾಗ ತೋರಿಸು ಅನ್ನುತ್ತದೆ. ದೊಡ್ಡಪ್ಪನ ಮಾತು ಯಾರೋ ಅದಕ್ಕೆ ಹೇಳಿಕೊಟ್ಟ ಹಾಗಿದೆ ಅನಿಸಿತು. (ಇದಕ್ಕೂ ನಮ್ಮ ಜನ ಉಪಾಯ ಕಂಡುಕೊಂಡಿದ್ದಾರೆ. ಪ್ರಿಂಟ್ ಒತ್ತಿ, ಪಿಡಿಎಫ್ ಮಾಡಿ, ಡೆಸ್ಕ್‌ಟಾಪ್ ಮೇಲೇ ಇಡುತ್ತಾರೆ!) ನನ್ನ ಪ್ರಿಂಟರ್‌ನಲ್ಲಿ ಇಂಕ್ ಇರಲಿಲ್ಲ. ಒಂದು ಹಾಳೆ ತೆಗೆದುಕೊಂಡು ಜೆಲ್ ಪೆನ್ನಿನಲ್ಲಿ 48 ಅಂಕಿ ಬರೆದು, ಮೇಜಿನ ಮೇಲಿನ ಕ್ಯಾಲೆಂಡರ್ ಹಿಂದೆ ಸಿಗಿಸಿದೆ.

ಹೋದ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಚಾರ್ಜ್ ಆಗುವುದು ನಿಂತಿತು. ರಿಪೇರಿಯವರು ಮದರ್‌ಬೋರ್ಡ್ ಬದಲಿಸಿ ಕೊಟ್ಟರು. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆ. ಆಗಬೇಕಾದ್ದೇ. ದಿನಾ ತಾನಾಗಿ ಬಾಗಿಲು ತೆಗೆಯುತ್ತಿದ್ದ ಚಾವಿ ಇದ್ದದ್ದು ಹಳೆ ಬೋರ್ಡಿನ ಟಿಪಿಎಂ ಚಿಪ್‌ನಲ್ಲಿ. ಅದು ಬೋರ್ಡ್ ಜೊತೆ ಹೋಯಿತು. ಹಾಳೆ ಇದೆಯಲ್ಲ ಅಂತ ಧೈರ್ಯವಾಗಿ ಕ್ಯಾಲೆಂಡರ್ ಎತ್ತಿದೆ. ಮೇಜಿನ ಪಕ್ಕ ಕೂಲರ್. ಮಾರ್ಚ್‌ನಿಂದ ಅದು ಹನಿ ಹನಿ ಸಿಡಿಸುತ್ತಾ ಇದ್ದದ್ದು ನನ್ನ ಹಾಳೆಯ ಮೇಲೆ. ಜೆಲ್ ಇಂಕ್ ಹರಡಿ ಮೂರು ಅಂಕಿ ನೀಲಿ ಮಚ್ಚೆಯಾಗಿದ್ದವು.

ಅಪ್ಪ ಕೂಲರ್ ಮುಂದೆ ಕೂತು ಪೇಪರ್ ಓದುತ್ತಿದ್ದರು. ಹೈಸ್ಕೂಲ್ ಗಣಿತದ ಮಾಸ್ತರಾಗಿ ರಿಟೈರ್ ಆದವರು. "ಏನ್ ಹುಡುಕಾಕತ್ತಿಯೋ?" ಅಂದರು. ಹೇಳಿದೆ. ಫೋನ್‌ನಲ್ಲಿ ಓದುತ್ತಾ ಹೋದಾಗ ಒಂದು ವಿಷಯ ಸಿಕ್ಕಿತು. ಈ 48 ಅಂಕಿ ಅಂದರೆ ಆರಾರು ಅಂಕಿಯ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗ ಹೋಗುತ್ತದೆ, ಬರೆಯುವಾಗ ತಪ್ಪಾದರೆ ಗೊತ್ತಾಗಲಿ ಅಂತ. ಇದನ್ನು ಜೋರಾಗಿ ಓದಿದೆ ಅಷ್ಟೇ. ಅಪ್ಪ ಪೇಪರ್ ಮಡಚಿ ಇಟ್ಟರು. "ತಾ ಇಲ್ಲಿ."

ಮೊದಲ ಮಚ್ಚೆಯ ಗುಂಪು 3, 9, ಮಚ್ಚೆ, 4, 2, 0. (ಅಂಕಿಗಳನ್ನು ಇಲ್ಲಿ ಬದಲಿಸಿ ಬರೆದಿದ್ದೇನೆ, ಅಷ್ಟೂ ಬುದ್ಧಿ ಇಲ್ಲವಾ ನನಗೆ.) ನನಗೆ ಅದು 3ರಂತೆ ಕಾಣುತ್ತಿತ್ತು, ಮಗಳಿಗೆ 8ರಂತೆ. ಅಪ್ಪ ಕಣ್ಣಿಗೆ ಕಾಣುವುದನ್ನು ನೋಡಲೇ ಇಲ್ಲ. "ಎರಡು, ನಾಕು, ಆರನೇ ಸ್ಥಾನ ಕೂಡಸು. 9, 4, 0. ಹದಿಮೂರು. ಈಗ ಒಂದು, ಮೂರು, ಐದನೇದು. 3, 2, ಐದಾತು. ಎರಡೂ ಕಡಿ ಸಮ ಆಗಬೇಕು, ಇಲ್ಲಾ 11ರ ಫರಕ ಬರಬೇಕು. ಐದಕ್ಕ ಎಂಟು ಕೂಡಿದ್ರ ಹದಿಮೂರು. ಎಂಟು ಬರಿ." ಪೆನ್ನೂ ಮುಟ್ಟಲಿಲ್ಲ. 3,98,420. ಭಾಗಿಸಿ ನೋಡಿದೆ, 36,220. ಶೇಷ ಇಲ್ಲ. "ಏಳನೇತ್ತ ಹುಡುಗರ ಲೆಕ್ಕ ಇದು" ಅಂದರು, ಆದರೆ ಮುಖ ಅರಳಿತ್ತು.

ಇನ್ನೆರಡು ಮಚ್ಚೆ ಒಂದೇ ಗುಂಪಿನಲ್ಲಿ, ಅಕ್ಕಪಕ್ಕ. ಅಲ್ಲಿ ಒಂದೇ ಉತ್ತರ ಬರುವುದಿಲ್ಲ. ಅಪ್ಪ ಪೇಪರ್ ಅಂಚಿನಲ್ಲಿ ಹಾಕುತ್ತಾ ಹೋಗಿ ಒಂಬತ್ತು ಜೋಡಿ ತೆಗೆದರು. ಮಗಳು ಒಂದೊಂದಾಗಿ ಒತ್ತಿದಳು. ನಾಲ್ಕನೆಯದಕ್ಕೆ ತೆರೆಯಿತು. ಇಡೀ ಒಂದು ಗುಂಪೇ ಅಳಿಸಿದ್ದರೆ? ಒಂದೊಂದು ಗುಂಪಿಗೂ 65,536 ಸಾಧ್ಯತೆ. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ ಹಗಲು ರಾತ್ರಿ ಸೇರಿ 23 ದಿನ ಒತ್ತಬೇಕು ಅಂತ ಅಪ್ಪ ಊಟಕ್ಕೆ ಕೂತಾಗ ಲೆಕ್ಕ ಹೇಳಿದರು. ಎಂಟೂ ಗುಂಪು ಹೋದರೆ ಆ ಸಂಖ್ಯೆಗೆ 39 ಅಂಕಿ. ಅದನ್ನು ಬರೆದು ನೋಡಿ, "ಇದು ಕೀಲಿ ಅಲ್ಲ, ಗ್ವಾಡಿ" ಅಂದರು.

ಗಂಗಾವತಿಗೆ ಹೋದ ಲಕೋಟೆ

ನನ್ನ 45 ವರ್ಷದಲ್ಲಿ ಕಳ್ಳ ಬಂದು ಒಂದು ಫೈಲನ್ನೂ ಒಯ್ದಿಲ್ಲ. ಹೋದದ್ದೆಲ್ಲ ನನ್ನ ಕೀಲಿಯಿಂದ, ನನ್ನ ಕೂಲರ್‌ನಿಂದ. ಆದರೆ ಯಾರು ಮಾತಾಡಿದರೂ ಕಳ್ಳನ ಬಗ್ಗೆಯೇ ಮಾತಾಡುತ್ತಾರೆ. ಕಾಲೇಜಿನಲ್ಲಿ ಮಗಳಿಗೆ ಹೇಳಿಕೊಟ್ಟದ್ದೂ ಅದೇ. ಪಾಸ್‌ವರ್ಡ್ ಹಂಚಬಾರದು, ಒಪ್ಪಿದೆ. ಒಟಿಪಿ ಅಂತೂ ದೇವರು ಕೇಳಿದರೂ ಹೇಳಬಾರದು. ಆದರೆ ರಿಕವರಿ ಕೀ ಬೇರೆ ಜಾತಿ. ಅದು ಅಂತರ್ಜಾಲದಲ್ಲಿ ಕೂತು ನಮ್ಮ ಲ್ಯಾಪ್‌ಟಾಪ್ ತೆರೆಯುವ ವಸ್ತುವಲ್ಲ. ಲ್ಯಾಪ್‌ಟಾಪೂ ಬೇಕು, ಅದೂ ಬೇಕು. ಎರಡೂ ಒಂದೇ ಚೀಲದಲ್ಲಿ ಇರಬಾರದು, ಅಷ್ಟೇ. ವಾಟ್ಸ್‌ಆಪ್ ಬ್ಯಾಕಪ್‌ಗೆ 64 ಅಂಕಿಯ ಕೀ ಇಟ್ಟುಕೊಳ್ಳಬಹುದು ಅಂತ 2021ರಲ್ಲಿ ಬಂತು. ಗೆಳೆಯನೊಬ್ಬ ಅದನ್ನು ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನ್‌ನಲ್ಲಿ ಇಟ್ಟಿದ್ದಾನೆ. ಫೋನ್ ಹೋದಾಗ ತಾನೇ ಆ ಬ್ಯಾಕಪ್ ಬೇಕಾಗುವುದು?

ಅಕ್ಕನನ್ನು ಗಂಗಾವತಿಗೆ ಕೊಟ್ಟಿದೆ. ಅಲ್ಲಿ ಇಡೋಣ ಅಂದುಕೊಂಡೆ. ಮೊದಲು ಒಂದು ಜಾಣತನ ಹೊಳೆಯಿತು. ಅರ್ಧ ನನ್ನ ಹತ್ತಿರ, ಅರ್ಧ ಅಕ್ಕನ ಹತ್ತಿರ. ಬ್ಯಾಂಕ್ ಲಾಕರ್ ಹಾಗೆ, ಅವರ ಚಾವಿ ನಮ್ಮ ಚಾವಿ ಎರಡೂ ಬೇಕು. ಆದರೆ ಹಾಗೆ ಮಾಡಿದರೆ ಇಬ್ಬರಲ್ಲಿ ಒಬ್ಬರು ಕಳೆದರೂ ಮುಗಿಯಿತು, ಕಳೆಯುವ ದಾರಿ ಎರಡಾದವು. 1979ರಲ್ಲಿ ಆದಿ ಶಮೀರ್ ಅನ್ನುವ ಗಣಿತಜ್ಞ ಇದಕ್ಕೊಂದು ಚಂದದ ದಾರಿ ಹೇಳಿದ್ದಾರೆ. ಗುಟ್ಟನ್ನು ಮೂರು ಪಾಲು ಮಾಡಿ ಮೂವರಿಗೆ ಕೊಡು. ಯಾವ ಇಬ್ಬರು ಸೇರಿದರೂ ತೆರೆಯುತ್ತದೆ, ಒಬ್ಬರ ಪಾಲಿನಿಂದ ಏನೂ ತಿಳಿಯುವುದಿಲ್ಲ. ಅಪ್ಪನಿಗೆ ಇದು ಬಹಳ ಹಿಡಿಸಿತು. ನಮ್ಮ ಮನೆಗೆ ಅಷ್ಟು ಬೇಡ ಅಂತ ನಾನೇ ಬಿಟ್ಟೆ. ಬಾಲ್ ಪೆನ್ನಿನಲ್ಲಿ ಪೂರ್ತಿ ಕೀ ಬರೆದು, ಪಕ್ಕದಲ್ಲಿ ನೀಲಿ ಪರದೆ ತೋರಿಸುವ ಕೀ ಐಡಿಯ ಮೊದಲ ಎಂಟು ಅಕ್ಷರ ಹಾಕಿದೆ. ಯಾವ ಲ್ಯಾಪ್‌ಟಾಪ್, ಯಾರದು ಅಂತ ಬರೆಯಲಿಲ್ಲ. ಮಗಳ ಲ್ಯಾಪ್‌ಟಾಪ್‌ದೂ ಅದರಲ್ಲೇ ಸೇರಿಸಿದೆ. ಅದರಲ್ಲೂ ಅಂಗಡಿಯವರ ಮೇಲ್ ಐಡಿಯೇ ಇತ್ತು, ಆವತ್ತೇ ತೆಗೆಸಿದೆವು. ಲಕೋಟೆ ಅಂಟಿಸಿ ಒಯ್ದು ಕೊಟ್ಟೆ.

"ಏನೈತೋ ಇದರಾಗ?" ಅಂದಳು ಅಕ್ಕ. ಚಾವಿ ಅಂದೆ. ಅಲುಗಾಡಿಸಿ ನೋಡಿದಳು. ಮಾವ ಗದ್ದೆಯಿಂದ ಬಂದವರು ಕೇಳಿ ನಕ್ಕರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿ ಹೋಯಿತಲ್ಲ, ಆ ವಾರವೆಲ್ಲ ಈ ಮನೆಯಲ್ಲಿ ಯಾರೂ ಸರಿಯಾಗಿ ಮಲಗಿರಲಿಲ್ಲ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಗೇಟ್ ಇಳಿಸಿ ನಿಲ್ಲಿಸುವವರೆಗೂ ಬೆಳೆಯ ಚಿಂತೆ. "ಆವತ್ತು ಬದಲಿ ಗೇಟ್ ಯಾಕ ಇಟ್ಟಿಲ್ಲ ಅಂತ ಊರೆಲ್ಲಾ ಬೈದ್ವಿ. ಬಂದು ಮನ್ಯಾಗ ನೋಡಿದ್ರ, ನಮ್ಮ ಪಂಪಸೆಟ್ ರೂಮಿಗಿ ಇರೂದು ಒಂದ ಚಾವಿ" ಅಂದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಚಾವಿ ಉಳಿದರೆ ಫೈಲ್ ಉಳಿಯಿತು ಅಂತಲ್ಲ. ಡಿಸ್ಕ್ ಸತ್ತರೆ 48 ಅಂಕಿ ಇಟ್ಟುಕೊಂಡು ಏನು ಮಾಡುವುದು, ಬಿದ್ದ ಮನೆಯ ಚಾವಿ. ಫೈಲಿನ ನಕಲು ಬೇರೆ, ಚಾವಿಯ ನಕಲು ಬೇರೆ, ಎರಡೂ ಬೇಕು. ನಾನು ಫೈಲುಗಳನ್ನು ತಿಂಗಳಿಗೊಮ್ಮೆ ಹೊರಗಿನ ಡಿಸ್ಕ್‌ಗೆ ಹಾಕುತ್ತೇನೆ. ಅದಕ್ಕೆ ಕೀಲಿ ಹಾಕಿಲ್ಲ, ತಿಜೂರಿಯಲ್ಲಿಡುತ್ತೇನೆ. ಉಳಿದ ಎರಡು ಪ್ರಸಂಗಗಳೂ, ಮತ್ತೆ ಟೈಪ್ ಮಾಡಿದ ಎರಡು ನೋಟ್‌ಬುಕ್ಕೂ ಅದರಲ್ಲೇ ಇವೆ. ತಪ್ಪು ಅನ್ನುವವರು ಅನ್ನಲಿ.

ಎರಡು ತಿಂಗಳಾದ ಮೇಲೆ ಸುಮ್ನೆ ಅಕ್ಕನಿಗೆ ಫೋನ್ ಮಾಡಿ ಕೇಳಿದೆ, "ಲಕೋಟಿ ಎಲ್ಲೈತಿ?" "ಯಾವ ಲಕೋಟಿ?" ಅಂದಳು. ನನ್ನ ಎದೆ ಧಸಕ್ ಅಂತು. ಆಮೇಲೆ "ಓ ಅದಾ, ತಡಿ" ಅಂತ ಫೋನ್ ಇಟ್ಟು ಹೋದಳು. ಟ್ರಂಕ್ ಎಳೆದ ಸದ್ದು, ಮುಚ್ಚಳ ತೆಗೆದ ಸದ್ದು, ಯಾರನ್ನೋ ಬೈದ ಸದ್ದು. ಎಲ್‌ಐಸಿ ಬಾಂಡಿನ ಕೆಳಗೆ ಇತ್ತಂತೆ, ಸೀರೆಯ ಮಡಿಕೆಯೊಳಗೆ. ಒಡೆದು ಮೊದಲ ಗುಂಪೊಂದನ್ನೇ ಓದು, ಬೇರೆ ಓದಬೇಡ ಅಂದೆ. ಸ್ಪೀಕರ್ ಹಾಕಿದೆ. ಅಕ್ಕ ಒಂದೊಂದೇ ಅಂಕಿ ನಿಧಾನಕ್ಕೆ ಓದಿದಳು. ಪಕ್ಕದಲ್ಲಿ ಅಪ್ಪ ಕಣ್ಣು ಮುಚ್ಚಿಕೊಂಡು ಎರಡೂ ಕೈಯ ಬೆರಳು ಮಡಚುತ್ತಿದ್ದರು. ಮೂರನೆಯದನ್ನು ಐದು ಅಂದಳೋ ಒಂದು ಅಂದಳೋ ನನಗೆ ಸರಿಯಾಗಿ ಕೇಳಿಸಲಿಲ್ಲ. ಆರನೆಯದು ಮುಗಿದ ಮೇಲೆ ಅಪ್ಪ ಕಣ್ಣು ತೆಗೆದರು.

"ಐದ ಅಂದಾಳ. ಬರೋಬ್ಬರಿ ಐತಿ, ಮುಚ್ಚಿಡು ಅನ್ನು."